ಸೈಕಲ್ಲಿಗೆ ಮಂಚ, ತನಗೆ ಚಾಪೆ

ನಮ್ಮ ಎದುರುಮನೆಯ ಹುಡುಗಿಯನ್ನು ಇಡೀ ಬೀದಿ ಕರೆಯುವುದು ದಡಬಡಿ ಎಂದು. ಗುಡ್ಡದ ಕಲ್ಲುಹಾದಿಯಲ್ಲಿ ರೇಸಿನ ಸೈಕಲ್ ಓಡಿಸುವುದೇ ಅವಳ ಕಸುಬು. ಮನೆಯಲ್ಲಿ ಸೈಕಲ್ಲು ಹೊದಿಕೆ ಹೊದ್ದು ಮಂಚದ ಮೇಲೆ ಮಲಗುತ್ತದೆ, ಇವಳು ಕೆಳಗೆ ಚಾಪೆ ಹಾಸಿಕೊಳ್ಳುತ್ತಾಳೆ. ಊಟಕ್ಕೆ ಕರೆದರೆ ಮಹಡಿ ಮೆಟ್ಟಿಲನ್ನು ಸೈಕಲ್ಲಿನಲ್ಲೇ ಇಳಿದು ಅಡುಗೆಮನೆಯ ಬಾಗಿಲಲ್ಲಿ ಬ್ರೇಕು ಹಾಕುತ್ತಾಳೆ. "ಗೋಡೆಗೆ ಗುದ್ದೀಯ ಕಣೇ!" ಎಂದು ತಾಯಿ ಕೂಗಿದರೆ, "ಗೋಡೇನೇ ಪಕ್ಕಕ್ಕೆ ಸರಿಯತ್ತೆ ಬಿಡಮ್ಮ" ಎನ್ನುತ್ತಾಳೆ. ವೇಗ ಹೆಚ್ಚಲು ಭಾರ ಇಳಿಸಬೇಕೆಂದು ಓಲೆ ಬಿಚ್ಚಿಟ್ಟಳು, ಜಡೆ ಕತ್ತರಿಸಿದಳು, ಕೊನೆಗೆ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಮುರಿದಳು. ಬಿದ್ದು ಮೊಣಕಾಲು ತರಚಿಕೊಂಡು ಬಂದ ದಿನ ಮುಲಾಮು ಮೊದಲು ಸೈಕಲ್ಲಿನ ಗೀರಿಗೆ. ಇಂಥವಳು ಮೊದಲ ಸಲ ದೇಶದ ಪರವಾಗಿ ಹೊರದೇಶದ ರೇಸಿಗೆ ಹೊರಟಳು. ಕಳಿಸಿಕೊಡಲು ಅವಳ ತಾಯಿಯ ಜೊತೆ ನಾನೂ ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಸೈಕಲ್ಲು ತುಂಬಿದ ಪೆಟ್ಟಿಗೆಯನ್ನು ಒಯ್ಯಲು ಅಲ್ಲಿನವರು ಬಂದರೆ, ಇವಳು ಅದನ್ನು ತಬ್ಬಿಕೊಂಡು ಬಿಡಲೇ ಇಲ್ಲ. "ಅದು ಯಾವತ್ತೂ ಅಷ್ಟು ದೂರ ಒಂಟಿಯಾಗಿ ಹೋಗಿಲ್ಲಮ್ಮ, ಹೆದರ್ಕೊಂಡಿದೆ" ಎಂದಳು. ತಾಯಿ ನಗಲಿಲ್ಲ. ಮಗಳ ತಣ್ಣಗಾದ ಕೈ ಹಿಡಿದುಕೊಂಡು, ಪೆಟ್ಟಿಗೆಯ ಕಡೆಗೆ ಬಾಗಿ, "ಹೆದರ್ಬೇಡ ಕಂದ, ಎಲ್ಲರಿಗಿಂತ ಕೊನೇಲಿ ಬಂದ್ರೂ ನೀನು ನಮ್ಮನೆಗೇ ತಾನೇ ಬರೋದು?" ಎಂದರು. ಆಗ ದಡಬಡಿ ಪೆಟ್ಟಿಗೆ ಬಿಟ್ಟು, ಅಮ್ಮನನ್ನು ತಬ್ಬಿಕೊಂಡಳು.