ಕೆಂಪು ಕಾಣದವರ ಏಡಿಗಳು

ನನ್ನ ಗಂಡನಿಗೆ ಕೆಂಪೂ ಹಸಿರೂ ಒಂದೇ ಥರ ಕಾಣುತ್ತವೆ. ಆದರೇನೀಗ? ಕಡಲ ದಂಡೆಯ ಏಡಿ, ಮಿಂಚುಳ್ಳಿ, ನಕ್ಷತ್ರ ಮೀನುಗಳ ಬಣ್ಣಬಣ್ಣದ ಫೋಟೋ ತೆಗೆಯುವುದು ಅವರ ಹುಚ್ಚು. ಕಣ್ಣಿಗೆ ಬಣ್ಣವೇ ಹತ್ತದವರಿಗೆ ಈ ಉಸಾಬರಿ ಯಾಕೆ ಎಂದು ಕೇಳಿದವರು ಉಂಟು. ನಾನು ಅವರಿಗೆ ಕೊಟ್ಟ ಉತ್ತರಗಳನ್ನು ಇಲ್ಲಿ ಬರೆಯುವಂತಿಲ್ಲ.

ದೋಣಿಕಟ್ಟೆಯ ಕಿಟಕಿಯಲ್ಲಿ ಕೂತು ಟಿಕೆಟ್ ಹರಿದು ಕೊಡುವುದು ಅವರ ಕೆಲಸ. ಕಡಲ ನೀರು ಇಳಿದ ಹೊತ್ತಿಗೆ ಬಿಡುವು ಸಿಕ್ಕಿತೋ, ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು ಬಂಡೆಗಳ ನಡುವಿನ ಕೆಸರಿನಲ್ಲಿ ಹೊಟ್ಟೆಯ ಮೇಲೆ ಮಲಗಿಬಿಡುತ್ತಾರೆ. ಕರೆದರೆ ಓಗೊಡುವುದಿಲ್ಲ. ಜನ ಇಟ್ಟ ಹೆಸರು ಏಡಿಯಣ್ಣ. ಬಣ್ಣ ನೋಡಿ ಹುಡುಕುವವರಿಗೆ ಬರೀ ಬಂಡೆ ಕಾಣುವ ಕಡೆ ಇವರಿಗೆ ಏಡಿಯ ಕಾಲು ಮಿಸುಕಿದ್ದು ಕಾಣುತ್ತದೆ. ಅದು ಓಡುವ ಮೊದಲೇ ಚಿತ್ರ ಹಿಡಿದಿರುತ್ತಾರೆ.

ಮದುವೆಗೆ ಮುಂಚೆ ಈ ಕಣ್ಣಿನ ಸಂಗತಿ ನನಗೆ ಯಾರೂ ಹೇಳಿರಲಿಲ್ಲ. ಹೊಸದರಲ್ಲಿ ಒಂದು ದಿನ ಪ್ರೀತಿಯಿಂದ ಸ್ವೆಟರ್ ತಂದು, "ನಿಂಗೆ ಕಂದು ಬಣ್ಣ ಇಷ್ಟ ಅಲ್ವಾ?" ಎಂದರು. ಕೈಯಲ್ಲಿದ್ದದ್ದು ಹಸಿರು. ತಮಾಷೆ ಮಾಡುತ್ತಿದ್ದಾರೆ ಎಂದು ನಕ್ಕೆ. ಅವರ ಮುಖ ಸಣ್ಣದಾಯಿತು. ನೇರ ಅಡುಗೆಮನೆಗೆ ಹೋಗಿ ಅತ್ತೆಯನ್ನು ಕೇಳಿದೆ. "ಕಣ್ಣು ಕಾಣುತ್ತಲ್ಲ, ಇನ್ನೇನು ಬೇಕಿತ್ತು? ಆ ಕಣ್ಣಲ್ಲೇ ನೋಡಿ ನಿನ್ನ ಒಪ್ಪಿದ್ದು" ಎಂದು ನನ್ನ ಬಾಯಿ ಮುಚ್ಚಿಸಿದರು. ಆ ಸ್ವೆಟರನ್ನು ಮೊಣಕೈ ಹರಿಯುವ ತನಕ ಹಾಕಿಕೊಂಡೆ.

ನಾನು ಹೊಲಿಗೆಯವಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಗಿರಾಕಿ ತಂದ ಬಟ್ಟೆಗೆ ದಾರ ಹೊಂದಿಸುವುದು ನನಗೆ ದಿನದ ಕೆಲಸ. ಹಗಲ ಬೆಳಕಿಗೆ ಹಿಡಿದು ನೋಡದೆ ಒಂದು ಗುಂಡಿಯನ್ನೂ ಹೊಲಿಯುವುದಿಲ್ಲ. ನಮ್ಮ ಫೋಟೋ ಕೆಲಸ ನಡೆದದ್ದೂ ಹೀಗೆಯೇ. ದಾರದ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ನಾನೂ ಬಂಡೆಗೆ ಹೋಗುತ್ತಿದ್ದೆ. ಅವರು ಏಡಿಯ ಚಿತ್ರ ತೆಗೆದರೆ, ನಾನು ಅದರ ಕೊಂಡಿಗೆ ಯಾವ ದಾರ, ಬೆನ್ನಿಗೆ ಯಾವ ದಾರ ಎಂದು ಅಲ್ಲೇ ನೋಡಿ ಎಳೆ ಕತ್ತರಿಸಿ ರಟ್ಟಿಗೆ ಅಂಟಿಸುತ್ತಿದ್ದೆ. ಭಾನುವಾರ ಮಧ್ಯಾಹ್ನ ಕಂಪ್ಯೂಟರ್ ಮುಂದೆ ಕೂತಾಗ ಆ ಎಳೆಗಳನ್ನು ಪರದೆಯ ಪಕ್ಕ ಹಿಡಿಯುವುದು. ಅವರ ಕೈ ಮೌಸ್ ಮೇಲೆ, ನನ್ನ ಬಾಯಿ ಅವರ ಕಿವಿಯ ಮೇಲೆ.

"ಕೆಂಪು ಜಾಸ್ತಿ ಆಯ್ತು ರೀ. ಇಳಿಸಿ. ಇನ್ನೂ ಇಳಿಸಿ. ಅಯ್ಯೋ, ಅಷ್ಟಲ್ಲ! ಏಡಿಗೇನು ಕಾಮಾಲೆ ಬಂದಿದ್ಯಾ?"

"ಮೆತ್ತಗೆ ಹೇಳೇ, ಕಿವಿ ಚೆನ್ನಾಗೇ ಇದೆ ನಂದು" ಎನ್ನುತ್ತಿದ್ದರು.

ನೆರಳಿನಲ್ಲಿ ಮುಚ್ಚಿಹೋದ ಕಾಲನ್ನು ಬೆಳಕಿಗೆ ತರುವುದು, ಅಂಚು ಕತ್ತರಿಸುವುದು, ನೀರಿನ ಹೊಳಪು ತಗ್ಗಿಸುವುದು ಎಲ್ಲ ಅವರೇ. ಅದರಲ್ಲಿ ನಾನು ಮೂಗು ತೂರಿಸುತ್ತಿರಲಿಲ್ಲ. ಬಣ್ಣದಲ್ಲಿ ಅವರು ಎದುರು ಮಾತಾಡುತ್ತಿರಲಿಲ್ಲ.

ಒಮ್ಮೆಯಾದರೂ ತನ್ನ ಚಿತ್ರಗಳು ಊರಿನ ಫೋಟೋ ಕ್ಲಬ್ಬಿನ ಪ್ರದರ್ಶನದ ಗೋಡೆಯ ಮೇಲೆ ಇರಬೇಕು ಎಂಬುದು ಅವರ ಒಂದೇ ಆಸೆ. ಎಷ್ಟೋ ವರ್ಷ ಕೇಳಿದ ಮೇಲೆ ಕ್ಲಬ್ಬಿನವರು ಕೊನೆಗೂ ಒಂದು ಗೋಡೆ ಕೊಟ್ಟರು. ಆ ಖುಷಿಯಲ್ಲಿ ಇವರು ಕೆಸರು ಮೆತ್ತಿದ ಚೀಲವನ್ನು ತಂದು ಗಿರಾಕಿಯ ಬಿಳಿ ಕೋಟಿನ ಮೇಲೆ ಇಟ್ಟರು. ನನ್ನ ಪಿತ್ತ ನೆತ್ತಿಗೇರಿತು. ಮಾತು ಬಿಟ್ಟೆ. ಚಿತ್ರ ಕೊಡುವ ಕೊನೆಯ ದಿನ ಬಂದಾಗ ಒಂದು ಏಡಿಗೆ ಇನ್ನೂ ಬಣ್ಣ ಹೊಂದಿಸಿರಲಿಲ್ಲ. ಕೇಳಲು ಅವರಿಗೆ ಬಿಗುಮಾನ, ಹೇಳಲು ನನಗೆ ಬಿಗುಮಾನ. ಅವರೊಬ್ಬರೇ ಕೂತು ಮುಗಿಸಿ ಕೊಟ್ಟು ಬಂದರು.

ಪ್ರದರ್ಶನದ ದಿನ ಬೆಳಿಗ್ಗೆ ವಾಚನಾಲಯದ ಹಾಲ್‌ಗೆ ಇಬ್ಬರೂ ಹೋದೆವು. ಅಷ್ಟರಲ್ಲಿ ರಾಜಿಯಾಗಿತ್ತು. ನಮ್ಮ ಗೋಡೆಯ ಮುಂದೆ ಜನ ಮುಸಿಮುಸಿ ನಗುತ್ತಿದ್ದರು. ನೋಡಿದರೆ, ಕೆಂಡದಂಥ ಕೊಂಡಿಯ ಏಡಿ ಪಾಚಿ ಹಸಿರಾಗಿ ಕೂತಿದೆ! ಕ್ಲಬ್ಬಿನ ಕಾರ್ಯದರ್ಶಿ ಅದರ ಮುಂದೆಯೇ ನಿಂತಿದ್ದ. ಕನ್ನಡಕದ ಅಂಗಡಿಯವನು. ಅವನನ್ನು ನಾನು ಏಕವಚನದಲ್ಲೇ ಬರೆಯುವುದು.

"ಏನ್ ಏಡಿಯಣ್ಣ, ಇದು ಕೊಳೆತ ಮೇಲೆ ತೆಗೆದಿದ್ದಾ?"

"ಯಾಕೆ ಸಾರ್, ಏನಾಗಿದೆ?" ಎಂದರು ಇವರು ಪಾಪ, ನಿಜವಾಗಿ ತಿಳಿಯದೆ.

ಅವನಿಗೆ ಥಟ್ಟನೆ ಹೊಳೆಯಿತು. ದಿನವೂ ಕಣ್ಣು ಪರೀಕ್ಷೆ ಮಾಡುವವನಲ್ಲವೇ? ಮೇಜಿನ ಮೇಲಿದ್ದ ಒಂದು ಫೈಲನ್ನು ಎತ್ತಿ ಎಲ್ಲರ ಎದುರು ಹಿಡಿದ. "ಇದ್ಯಾವ ಬಣ್ಣ, ಹೇಳಿ ನೋಡೋಣ."

ನಾನು ಹಿಂದಿನಿಂದ ಬಣ್ಣದ ಹೆಸರನ್ನು ಮೆಲ್ಲಗೆ ಉಸುರಿದೆ. ಅವರಿಗೆ ಕೇಳಿಸಿತ್ತು. ಅದನ್ನೇ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೇಳಲಿಲ್ಲ.

"ಗೊತ್ತಿಲ್ಲ ಸಾರ್. ನಂಗೆ ಕೆಂಪು, ಹಸಿರು ಗೊತ್ತಾಗಲ್ಲ. ಚಿತ್ರ ನಂದು, ಬಣ್ಣ ಎಲ್ಲ ಇವಳದ್ದು. ಈ ಒಂದು ಏಡಿಗೆ ಮಾತ್ರ ನಾನೇ ಬಣ್ಣ ಹಾಕಿದೀನಿ. ಅದಕ್ಕೇ ಎಲ್ಲರೂ ನಗ್ತಿದಾರೆ ಅನ್ಸುತ್ತೆ."

"ಓಹೋ! ಹಾಗಾದ್ರೆ ಅಕ್ಕಾ, ನೀವೇ ಹೇಳಿ. ಇದ್ಯಾವ ಬಣ್ಣ?" ಫೈಲು ನನ್ನ ಕಡೆ ತಿರುಗಿತು.

ನನ್ನ ಮೈ ಉರಿದುಹೋಯಿತು. "ಹೇಳಲ್ಲ."

"ಯಾಕೆ, ನಿಮಗೂ ಕಾಣಲ್ವಾ?"

"ಚೆನ್ನಾಗಿ ಕಾಣುತ್ತೆ. ನಿಮ್ಮ ಬಣ್ಣವೂ ಕಾಣ್ತಾ ಇದೆ. ನಾನು ಬಣ್ಣ ಹೇಳೋದು ಇವರೊಬ್ಬರಿಗೇ."

ಯಾರೋ ಕಿಸಕ್ಕೆಂದರು. ಈ ಸಲ ನಗು ನಮ್ಮ ಮೇಲಲ್ಲ. ಕಾರ್ಯದರ್ಶಿ ಫೈಲು ಕೆಳಗಿಟ್ಟು ದನಿ ಇಳಿಸಿದ. "ನೋಡಿ, ಬೇಜಾರು ಮಾಡ್ಕೋಬೇಡಿ. ಚಿತ್ರ ಪೂರ್ತಿ ಒಬ್ಬರ ಕೆಲಸವೇ ಆಗಿರಬೇಕು ಅಂತ ನಮ್ಮಲ್ಲಿ ನಿಯಮ. ಒಂದು ಕೆಲಸ ಮಾಡಿ. ಬಣ್ಣ ಎಲ್ಲ ತೆಗೆದು ಕಪ್ಪು ಬಿಳುಪು ಮಾಡಿಕೊಡಿ, ಸಂಜೆ ಒಳಗೆ ನಾನೇ ಪ್ರಿಂಟ್ ಹಾಕಿಸ್ತೀನಿ. ಗೋಡೆ ನಿಮಗೇ ಇರುತ್ತೆ."

ನಾನು ಜಗಳಗಂಟಿ ಎಂದು ಹೆಸರಾದವಳು. ಆದರೆ ಆ ಗೋಡೆಗಾಗಿ ಅವರು ಎಷ್ಟು ಕಾದಿದ್ದರು ಎಂಬುದು ನನಗಲ್ಲದೆ ಇನ್ಯಾರಿಗೆ ಗೊತ್ತು? ಅವರ ತೋಳು ಹಿಡಿದು, "ಹೂಂ ಅಂದ್ಬಿಡಿ ರೀ. ಹಾಳಾಗಿ ಹೋಗ್ಲಿ ಬಣ್ಣ" ಎಂದೆ.

ಅವರು ನನ್ನತ್ತ ತಿರುಗಿದರು. ಮನೆಯಲ್ಲಿ ಎಂದೂ ದನಿ ಎತ್ತಿದವರಲ್ಲ. "ಏನೇ ಹಾಳಾಗೋದು? ಬಿಸಿಲಲ್ಲಿ ನಿಂತು ಒಂದೊಂದು ಎಳೆ ಹೊಂದಿಸಿದೀಯಲ್ಲ, ಅದನ್ನ ನನ್ನ ಕೈಯಲ್ಲೇ ಅಳಿಸಿಹಾಕು ಅಂತೀಯಾ?" ಆಮೇಲೆ ಕಾರ್ಯದರ್ಶಿಗೆ ಹೇಳಿದರು, "ಚಿತ್ರದ ಕೆಳಗೆ ಇವಳ ಹೆಸರೂ ಬರೀರಿ ಸಾರ್. ಎರಡು ಹೆಸರು ಆಗಲ್ಲ ಅಂದ್ರೆ ಗೋಡೆ ನಿಮ್ದು, ಚಿತ್ರ ನಮ್ದು."

"ನಿಯಮ ಮೀರೋಕೆ ಆಗಲ್ಲ ಏಡಿಯಣ್ಣ."

"ಆಯ್ತು ಸಾರ್" ಎಂದವರೇ ಮೊದಲ ಚಿತ್ರಕ್ಕೆ ಕೈ ಹಾಕಿದರು. ಒಂದೊಂದನ್ನೇ ಇಳಿಸಿ ನನ್ನ ಕೈಗೆ ಕೊಟ್ಟರು. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಅಲ್ಲಿದ್ದವರೆಲ್ಲ ನೋಡಿದರು. ನೋಡಲಿ. ಅದು ಸೋತವಳ ಅಳು ಎಂದುಕೊಂಡವರಿದ್ದರೆ ಅವರೂ ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಲಿ. ಚಿತ್ರಗಳನ್ನು ಎದೆಗವಚಿಕೊಂಡು ಇಬ್ಬರೂ ಪೇಟೆಯ ನಡುರಸ್ತೆಯಲ್ಲೇ ನಡೆದು ಬಂದೆವು.

ಈಗ ಅವು ದೋಣಿಗೆ ಕಾಯುವವರು ಕೂರುವ ಕೋಣೆಯಲ್ಲಿವೆ. ಕಟ್ಟೆಯ ಸಾಹೇಬರು ಮೊದಲು ಗೊಣಗಿದರು. ಇವರು ಸೊಪ್ಪು ಹಾಕಲಿಲ್ಲ. ಒಂದನ್ನು ಬಿಟ್ಟು ಉಳಿದೆಲ್ಲದರ ಕೆಳಗೂ ಇವರದೇ ಕೈಬರಹ ಇದೆ: ನನ್ನ ಹೆಸರು, ಅದರ ಮುಂದೆ "ಬಣ್ಣ ಇವಳದು". ಪಾಚಿ ಏಡಿಯನ್ನು ಒಳಗಿಡಿ, ಜನ ಆಡಿಕೊಳ್ಳುತ್ತಾರೆ ಎಂದೆ. ಅದನ್ನು ಎಲ್ಲಕ್ಕಿಂತ ಮುಂದೆ ತೂಗುಹಾಕಿ ಕೆಳಗೆ ಬರೆದರು: "ಇದರ ಬಣ್ಣ ನನ್ನದೇ. ಅವತ್ತು ಅವಳು ಮಾತು ಬಿಟ್ಟಿದ್ದಳು."

ಓದಿದವರೆಲ್ಲ ನಗುತ್ತಾರೆ. ನಗಲಿ, ಟಿಕೆಟ್ ತೆಗೆದುಕೊಂಡು ಬಂದು ನಗಲಿ.