ಇಟ್ಟ ಜಾಗದಲ್ಲಿ ಇರದ ರಿಮೋಟ್

ಇದನ್ನು ಹೇಳಬೇಕು ಎಂದುಕೊಂಡು ವರ್ಷಗಳೇ ಆದವು. ಮೊಮ್ಮಗ ಸ್ಕೂಲಿಗೆ ಸೇರಲಿ ಎಂದೆ, ಆಮೇಲೆ ಮನೆಗೆ ಬಣ್ಣ ಹೊಡೆಸುವುದು ಮುಗಿಯಲಿ ಎಂದೆ. ಈಗ ಮನೆಯಲ್ಲಿ ಇನ್ನೊಂದು ಮಗು ಅಂಬೆಗಾಲಿಡುತ್ತಿದೆ. ಮಕ್ಕಳನ್ನು ಬೆಳೆಸುವುದು ಹೇಗೆ ಎನ್ನುವ ಅದೇ ಪುಸ್ತಕಗಳು ಮತ್ತೆ ಅಟ್ಟದಿಂದ ಇಳಿದಿವೆ. ಇನ್ನೂ ಬಾಯಿ ಮುಚ್ಚಿಕೊಂಡಿದ್ದರೆ ಹಳೆಯ ತಪ್ಪೇ ಎರಡನೇ ಸಲ ಆಗುತ್ತದೆ.

ನಾನು ಯಶವಂತಪುರದ ಒಂದು ಕಾರ್ಖಾನೆಯ ಗೇಟಿನಲ್ಲಿ ಕೆಲಸ ಮಾಡಿದವನು. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಶಿಫ್ಟ್ ಬಿಟ್ಟಾಗ ಹೊರಗೆ ಹೋಗುವವರ ಊಟದ ಡಬ್ಬಿ ತೆರೆಸಿ ನೋಡುವುದೇ ನನ್ನ ಕೆಲಸ. ನಿವೃತ್ತಿಯಾದರೂ ಆ ಕಣ್ಣು ಹೋಗಲಿಲ್ಲ. ಹಾಲು ಹಾಕುವವನು ಸುಮ್ಮನೆ ನಕ್ಕರೂ ಯಾಕೆ ನಕ್ಕ ಎಂದು ಯೋಚಿಸುತ್ತಿದ್ದೆ.

ಹೆಂಡತಿ ತೀರಿಹೋದ ಮೇಲೆ ಅಲ್ಲಾಳಸಂದ್ರದಲ್ಲಿ ಮಗ ಸೊಸೆಯ ಜೊತೆ ಇದ್ದೇನೆ. ಮೊಮ್ಮಗನಿಗೆ ಎರಡು ತುಂಬಿದರೂ ಮಾತು ಬಂದಿರಲಿಲ್ಲ. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದ, ಅಷ್ಟೆ. ಇನ್ನು ಸ್ವಲ್ಪ ದಿನ ನೋಡೋಣ ಎಂದರು ಡಾಕ್ಟರು. ಆ ‘ನೋಡೋಣ’ ಎಂಬ ಮಾತು ಸೊಸೆಯ ನೆಮ್ಮದಿ ಕೆಡಿಸಿತು. ಮಕ್ಕಳನ್ನು ಬೆಳೆಸುವ ಪುಸ್ತಕಗಳನ್ನು ಒಂದರ ಹಿಂದೆ ಒಂದು ತರಿಸಿದಳು. ಮಗು ಅತ್ತರೆ ತಕ್ಷಣ ಎತ್ತಿಕೊಳ್ಳಿ ಎಂದು ಒಂದು ಪುಸ್ತಕ ಹೇಳಿದರೆ, ಸ್ವಲ್ಪ ಕಾಯಿರಿ ಎಂದು ಇನ್ನೊಂದು. ಬರೆದವರ ಮನೆಯಲ್ಲಿ ಮಗು ಇತ್ತೋ ಇಲ್ಲವೋ ಎಂದೇ ನನಗೆ ಅನುಮಾನ. ಆದರೆ ಟೀವಿ ವಿಷಯದಲ್ಲಿ ಎಲ್ಲವೂ ಒಂದೇ ಮಾತು ಹೇಳುತ್ತಿದ್ದವು. ಇಷ್ಟು ಚಿಕ್ಕ ಮಗುವಿಗೆ ಟೀವಿ ತೋರಿಸಬೇಡಿ, ಮಾತು ತಡವಾಗಬಹುದು. ಸೊಸೆ ಆ ಸಾಲಿಗೆ ಗೆರೆ ಎಳೆದು ನಮಗೆಲ್ಲ ಓದಿ ಹೇಳಿದಳು. ಮಗು ಎದ್ದಿರುವಾಗ ಟೀವಿ ಬಂದ್ ಎಂದಾಯಿತು.

ಹಗಲು ಮಗುವನ್ನು ನೋಡಿಕೊಳ್ಳುತ್ತಿದ್ದವರು ಇಬ್ಬರು. ಬೆಳಗ್ಗೆ ಕೊಡಿಗೇಹಳ್ಳಿಯಿಂದ ಸೊಸೆಯ ತಾಯಿ ಬರುತ್ತಿದ್ದರು. ಅವರಿದ್ದಾಗ ನಾನು ಕೆರೆ ಸುತ್ತ ನಡೆಯಲು ಹೋಗುತ್ತಿದ್ದೆ. ಮಗುವಿಗೆ ಊಟ ಮಾಡಿಸಿ ಅವರು ಹೊರಟ ಮೇಲೆ ನನ್ನ ಪಾಳಿ. ನನ್ನ ಪಾಳಿಯಲ್ಲಿ ಏನಾಗುತ್ತಿತ್ತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಶಬ್ದ ಪೂರ್ತಿ ಇಳಿಸಿ, ವಾರ್ತೆ ನೋಡುತ್ತಿದ್ದೆ. ಶಬ್ದವಿಲ್ಲದ ಟೀವಿ ಪುಸ್ತಕದವರು ಹೇಳಿದ ಟೀವಿ ಅಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡಿದ್ದೆ.

ನಾನೇ ಹೀಗೆ ನೋಡುವುದಾದರೆ ಬೀಗಿತ್ತಿಯವರು ಶಬ್ದ ಇಟ್ಟೇ ನೋಡುತ್ತಿರಬೇಕು ಎನ್ನಿಸತೊಡಗಿತು. ಅವರು ಹಳೇ ಊರಿನ ಮನೆತನದವರು. ಹಾಲಿಗೆ ಆಲು ಎನ್ನುವವರು, ಬೇಗ ಎನ್ನುವ ಕಡೆ ಬಿರ್ನೆ ಎನ್ನುವವರು. ಸೊಪ್ಪು ಬಿಡಿಸುತ್ತಾ ಧಾರಾವಾಹಿಯ ಸೊಸೆಗೆ ಬಂದ ಕಷ್ಟವನ್ನೆಲ್ಲ ವಿವರವಾಗಿ ಹೇಳುತ್ತಿದ್ದರು. ಇಷ್ಟೆಲ್ಲ ಎಲ್ಲಿ ನೋಡುತ್ತಾರೆ ಇವರು?

ಒಂದು ಬೆಳಗ್ಗೆ, ಶೋಕೇಸಿನ ಮೇಲೆ ಹಾಸಿದ್ದ ಬಟ್ಟೆಯ ಕಸೂತಿ ಹೂವು ಮುಚ್ಚುವ ಹಾಗೆ ರಿಮೋಟ್ ಇಟ್ಟು ನಡೆಯಲು ಹೋದೆ. ವಾಪಸ್ ಬಂದಾಗ ಹೂವು ಕಾಣುತ್ತಿತ್ತು. ಮರುದಿನವೂ ಹಾಗೇ. ಗೇಟಿನಲ್ಲಿ ಡಬ್ಬಿಯ ತಳದಿಂದ ತಾಮ್ರದ ತಂತಿ ಸಿಕ್ಕಾಗ ಆಗುತ್ತಿದ್ದ ಸಂತೋಷವೇ ಆಯಿತು.

ಸಂಜೆ ಸೊಸೆಗೆ ಹೇಳಿದೆ. “ರಿಮೋಟ್ ಇಟ್ಟ ಜಾಗದಲ್ಲಿ ಇರ್ಲಿಲ್ಲಮ್ಮ. ನಾನು ಯಾರನ್ನೂ ಏನೂ ಅಂತಿಲ್ಲ. ಹೇಳ್ದೆ ಅಷ್ಟೆ.”

ಅವಳು ಅಡುಗೆಮನೆಗೆ ಹೋಗಿ ತಾಯಿಗೆ ಫೋನ್ ಮಾಡಿದಳು. ಟೀವಿ ಹಾಕಿಯೇ ಇಲ್ಲ ಎಂದು ಅವರು ಹೇಳಿರಬೇಕು. “ಮತ್ತೆ ರಿಮೋಟ್ ಯಾಕಮ್ಮಾ ಮುಟ್ತೀಯಾ?” ಎಂದಳು. ಸ್ವಲ್ಪ ಹೊತ್ತು ಕೇಳಿಸಿಕೊಂಡು, “ಆಟಾನಾ? ರಿಮೋಟ್ ಏನು ಆಟದ ಸಾಮಾನಾ? ನನ್ನ ಹತ್ರ ಸುಳ್ಳು ಹೇಳ್ಬೇಡ” ಎಂದಳು. ಆಮೇಲೆ ಬಹಳ ಹೊತ್ತು ನಲ್ಲಿ ನೀರು ಬಿಟ್ಟುಕೊಂಡು ನಿಂತಿದ್ದಳು. ಮರುದಿನದಿಂದ ಬೀಗಿತ್ತಿ ಬರಲಿಲ್ಲ. ಸೊಸೆ ಮನೆಯಿಂದಲೇ ಕೆಲಸ ಮಾಡತೊಡಗಿದಳು. ಟೀವಿಯ ಪ್ಲಗ್ ಕಿತ್ತಿಟ್ಟೆವು.

ಕೆಲವು ವಾರ ಕಳೆದಿರಬೇಕು. ಸೊಸೆ ಒಳಗೆ ಕೋಣೆಯಲ್ಲಿ ಆಫೀಸಿನ ಮೀಟಿಂಗಿನಲ್ಲಿದ್ದಳು. ಮಗು ದಿವಾನಿನ ಸಂದಿಯಿಂದ ರಿಮೋಟ್ ಎಳೆದು ಕಿವಿಗೆ ಇಟ್ಟುಕೊಂಡಿತು. ನನ್ನನ್ನು ನೋಡಲೂ ಇಲ್ಲ, ಬಾಗಿಲ ಕಡೆ ನೋಡುತ್ತಾ ಹೇಳಿತು:

“ಅಲೋ. ತಾತಾ. ಬಿರ್ನೆ ಬಾ.”

ನಮ್ಮ ಮನೆಯಲ್ಲಿ ಬಿರ್ನೆ ಎನ್ನುವವರು ಯಾರೂ ಇಲ್ಲ. ನಾನು ಕೆರೆ ಸುತ್ತುತ್ತಿದ್ದಾಗ, ರಿಮೋಟನ್ನೇ ಫೋನ್ ಮಾಡಿಕೊಂಡು, ನನ್ನನ್ನು ಕರೆಯುವುದನ್ನು ಬೀಗಿತ್ತಿ ಮಗುವಿಗೆ ಕಲಿಸುತ್ತಿದ್ದರು. ಆಟ ಎಂದದ್ದು ಅದನ್ನೇ.

ಸೊಸೆಯನ್ನು ಕೂಗಿದೆ. ಅವಳು ಓಡಿಬಂದಾಗ ಮಗು ಬರೀ “ತಾತಾ” ಎಂದಿತು. ಅವಳು ಮಗುವನ್ನು ಅಪ್ಪಿಕೊಂಡು ಅತ್ತಳು. “ನೋಡಿದ್ರಾ ಮಾವ, ಟೀವಿ ನಿಲ್ಸಿದ್ಮೇಲೆ ಮಾತು ಬಂತು” ಎಂದಳು. ನಾನು ಹೂಂ ಎಂದೆ.

ಅದಕ್ಕಿಂತ ಕೆಟ್ಟದ್ದು ಆಮೇಲೆ ಮಾಡಿದೆ. ಮಗು ಬಿರ್ನೆ ಎಂದಾಗಲೆಲ್ಲ, ಅದರ ತಾಯಿಯ ಕಿವಿಗೆ ಬೀಳುವ ಮೊದಲು, “ಬೇಗ ಅನ್ನು ಪುಟ್ಟಾ, ಬೇಗ” ಎಂದು ತಿದ್ದಿದೆ. ಸ್ವಲ್ಪ ದಿನದಲ್ಲಿ ಅದು ಆ ಮಾತನ್ನು ಮರೆತುಬಿಟ್ಟಿತು.

ತಡೆಯಲಾರದೆ ಒಂದು ದಿನ ಕೊಡಿಗೇಹಳ್ಳಿಗೆ ಹೋಗಿ ಬೀಗಿತ್ತಿಗೆ ಎಲ್ಲ ಹೇಳಿದೆ, ವಾರ್ತೆಯ ವಿಷಯವನ್ನೂ. ಬಯ್ಯುತ್ತಾರೆ ಎಂದುಕೊಂಡಿದ್ದೆ. ಕಾಫಿ ಲೋಟ ಮುಂದಿಟ್ಟರು. “ಆಟ ಅಂತ ಏಳಿದ್ನಲ್ಲ ಬೀಗ್ರೇ, ಯಾರ್ ಕೇಳಿದ್ರಿ? ಓಗ್ಲಿ ಬಿಡಿ. ಅವ್ಳಿಗೆ ಮಾತ್ರ ಏಳ್ಬ್ಯಾಡಿ. ಎತ್ತವ್ಳನ್ನೇ ಅನ್ಮಾನಿಸ್ದೆ ಅಂತ ಕೊರಗ್ತಾಳೆ.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆ ಮಾತಿನ ಹಿಂದೆ ಇಷ್ಟು ವರ್ಷ ಅವಿತುಕೊಂಡಿದ್ದೆ. ಕೊಟ್ಟ ಮಾತು ಉಳಿಸಿಕೊಂಡಿದ್ದೇನೆ ಎಂದು ಹೇಳಿಕೊಳ್ಳುತ್ತಿದ್ದೆ. ಅದು ನನಗೆ ಅನುಕೂಲವಾಗಿತ್ತು, ಅಷ್ಟೆ.

ಹೋದ ಭಾನುವಾರ ಬೀಗಿತ್ತಿ ಬಂದಿದ್ದರು. ಚಿಕ್ಕ ಮಗುವನ್ನು ಹಗಲು ತಾನೇ ನೋಡಿಕೊಳ್ಳುತ್ತೇನೆ ಎಂದರು. ಹೆಬ್ಬಾಳದ ಹತ್ತಿರ ಮಕ್ಕಳನ್ನು ನೋಡಿಕೊಳ್ಳುವ ಜಾಗಕ್ಕೆ ವಿಚಾರಿಸಿದ್ದೇನೆ ಎಂದಳು ಸೊಸೆ. “ನೀನು ಬಂದ್ರೆ ನಿನ್ನ ಜೊತೆ ಧಾರಾವಾಹೀನೂ ಬರತ್ತಲ್ಲಮ್ಮಾ” ಎಂದು ನಕ್ಕಳು. ಬೀಗಿತ್ತಿಯೂ ನಕ್ಕರು. ನನ್ನ ಕಡೆ ನೋಡಲಿಲ್ಲ. ಮಗುವಿನ ಟೋಪಿಯ ದಾರ ಕಟ್ಟುತ್ತಾ ಕೂತರು. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದರು.

ಅವರು ನನ್ನನ್ನು ಎಂದೋ ಕ್ಷಮಿಸಿದ್ದಾರೆ. ಸುಳ್ಳು ಹೇಳದ ತಾಯಿಗೆ ‘ಸುಳ್ಳು ಹೇಳ್ಬೇಡ’ ಎಂದು ಯಾರ ಬಾಯಲ್ಲಿ ಹೇಳಿಸಿದೆನೋ, ಇನ್ನೂ ನಾನು ಕ್ಷಮೆ ಕೇಳದೆ ಇರುವುದು ಅವಳನ್ನು, ನನ್ನ ಸೊಸೆಯನ್ನು.