ಅಪ್ಪ ಬಂದಿದ್ದ ಐದು ದಿನ

ಕಳೆದ ಪಿತೃಪಕ್ಷದಲ್ಲಿ ಅಪ್ಪ ಮನೆಗೆ ಬಂದರು. ತೀರಿಕೊಂಡು ಆರು ವರ್ಷವಾಗಿತ್ತು.

ಸರಸ್ವತಿಪುರಂನ ಮನೆಯಲ್ಲಿ ಇರುವುದು ನಾನು, ಅಮ್ಮ ಇಬ್ಬರೇ. ಒಂದು ಮಧ್ಯಾಹ್ನ ಅಮ್ಮ ಬೆಂಚಿನ ಮೇಲೆ ಸರಿದು ಜಾಗ ಮಾಡಿದಳು. "ನಿಮ್ಮಪ್ಪ ನಿಂತೇ ಅವ್ರಲ್ಲ, ಕೂತ್ಕಳಿ ಅನ್ನು" ಎಂದಳು. ಈ ಹದಿನೈದು ದಿನ ಹಿರಿಯರು ಮನೆಯ ಸುತ್ತಲೇ ಇರುತ್ತಾರೆ, ಅಮಾವಾಸ್ಯೆಯ ಎಡೆ ಉಂಡು ಹೋಗುತ್ತಾರೆ ಎಂದು ಚಿಕ್ಕಂದಿನಿಂದ ಕೇಳಿದವಳು ನಾನು. ಟ್ಯುಟೋರಿಯಲ್‌ನಲ್ಲಿ ಕೆಮಿಸ್ಟ್ರಿ ಪಾಠ ಮಾಡುವ ಮಹಾ ಬುದ್ಧಿವಂತೆ, ಅಪ್ಪ ಸ್ವಲ್ಪ ಬೇಗ ಬಂದಿದ್ದಾರೆ ಅಂದುಕೊಂಡೆ. ಒಳಗೊಳಗೇ ಖುಷಿಯೂ ಆಯಿತು.

ಅಮ್ಮ ಖಾಲಿ ಜಾಗದೊಂದಿಗೆ ಮೆಲ್ಲಗೆ ಮಾತಾಡುವಳು, ಉತ್ತರಕ್ಕೆ ಕಾಯುವಳು, ತಲೆಯಾಡಿಸುವಳು. ಬಾಯಿ ಒಣಗುತ್ತದೆಂದು ಚೊಂಬುಗಟ್ಟಲೆ ನೀರು ಕುಡಿಯುವಳು. ನಾನು ಆ ಬೆಂಚಿನಲ್ಲಿ ಕೂರುವುದನ್ನೇ ಬಿಟ್ಟೆ. ಒಮ್ಮೆ ಗುಡಿಸುವಾಗ ಅದರ ಮುಂದೆ ಪೊರಕೆ ನಿಲ್ಲಿಸಿ, ಕಾಲು ಎತ್ತಲಿ ಎಂದು ಕಾದೆ.

ಐದನೇ ದಿನ ಬಟ್ಟೆ ಒಣಹಾಕಲು ಟೆರೇಸಿಗೆ ಹೋದರೆ, ಅಮ್ಮ ಮೋಟುಗೋಡೆಯ ಮೇಲೆ ಒಂದು ಕಾಲಿಟ್ಟಿದ್ದಳು. "ಆ ಕಡೆಯಿಂದ ಕೈ ಕೊಡ್ತಾವ್ರೆ ಕಣಮ್ಮ, ಬುಡು ನನ್ನ."

ಸೊಂಟ ಹಿಡಿದು ಎಳೆದೆ. ಇಬ್ಬರೂ ಬಿದ್ದೆವು. ಅಷ್ಟು ಬಿಸಿಲಿನಲ್ಲೂ ಅವಳ ಕಣ್ಣಿನ ಪಾಪೆ ದೊಡ್ಡದಾಗಿ ಅರಳಿತ್ತು. ಹಿರಿಯರು ಉಣ್ಣಲು ಬರುತ್ತಾರೆ, ಕರೆದೊಯ್ಯಲು ಬರುವುದಿಲ್ಲ. ಆಗ ನನಗೆ ಆ ವಾರವಷ್ಟೇ ಶುರುಮಾಡಿದ್ದ ತುರಿಕೆಯ ಮಾತ್ರೆ ನೆನಪಾಯಿತು.

ಅಮ್ಮನ ಮಾತ್ರೆಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು, ಅವಳ ಕೈ ಬಿಡದೆ ಮೆಡಿಕಲ್ ಶಾಪಿಗೆ ಹೋದೆ. ಅಲ್ಲಿನ ಹೆಂಗಸು ಅವನ್ನು ಅಕ್ಕಪಕ್ಕ ಇಟ್ಟು ನೋಡಿದರು.

"ಮೂತ್ರದ ಮಾತ್ರೆನೂ ಈ ತುರಿಕೆದೂ ಒಟ್ಟಿಗೆ ಕೊಡ್ತಿದೀರಾ? ಎರಡೂ ಒಂದೇ ಜಾತಿಯವು ಕಣ್ರೀ. ವಯಸ್ಸಾದೋರಿಗೆ ಸೇರಿದ್ರೆ ತಲೆ ಕೆಡ್ತದೆ, ಇಲ್ಲದೋರು ಕಾಣಿಸ್ತಾರೆ. ಚರ್ಮದ ಡಾಕ್ಟ್ರಿಗೆ ಹಳೇ ಚೀಟಿ ತೋರಿಸ್ಲಿಲ್ವಾ?"

ತೋರಿಸಿರಲಿಲ್ಲ. ಗಂಡಸು ಡಾಕ್ಟರ ಮುಂದೆ ಮೂತ್ರದ ಸಮಾಚಾರ ಯಾಕೆಂದು ಅಮ್ಮ ಚೀಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ನಾನೂ ನಾಚಿಕೆಯಿಂದ ಸುಮ್ಮನಿದ್ದೆ. ಆ ನಾಚಿಕೆ ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಡಾಕ್ಟರಿಗೆ ಫೋನ್ ಮಾಡಿದೆ. ತುರಿಕೆಯದನ್ನು ನಿಲ್ಲಿಸಿ ಈಗಲೇ ಕರೆತನ್ನಿ ಎಂದರು. ಮೂರು ದಿನದಲ್ಲಿ ಅಮ್ಮನ ತಲೆ ತಿಳಿಯಾಯಿತು.

ಅಮಾವಾಸ್ಯೆಯಂದು ಎಡೆ ಹಾಕಿ, ಹಿರಿಯರು ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ಕೂತೆವು. ಅಮ್ಮ ಬಾಗಿಲನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಕೈ ಹಿಡಿದಳು.

"ಆ ಮಾತ್ರೆ ಒಂದೇ ಒಂದು ಕೊಡು ಕಣಮ್ಮ. ಇವತ್ತೊಂದಿನ."

ಎಸೆದುಬಿಟ್ಟೆ ಎಂದು ಸುಳ್ಳು ಹೇಳಿದೆ. ಎಸೆಯಲು ನನಗೂ ಮನಸ್ಸಾಗಿರಲಿಲ್ಲ.